ನೆಟ್ಟಗೆ ಕೂತ ಹೆಣ

ನಾಲ್ಕು ದಿನ ಗಡ್ಡ ಬೋಳಿಸಬಾರದು ಎಂದಾಗಲೇ ನಾನು ಒಲ್ಲೆ ಎನ್ನಬೇಕಿತ್ತು.

ಕೊಪ್ಪಳದ ಒಂದು ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ದೈಹಿಕ ಶಿಕ್ಷಕನಾಗಿದ್ದವನು ನಾನು. ನಾಲ್ಕೂಮುಕ್ಕಾಲಿಗೆ ಏಳುವುದು, ಐದೂಹತ್ತಕ್ಕೆ ಹುಲಿಕೆರೆಯ ಕಡೆ ನಡೆಯುವುದು, ಆರೂವರೆಗೆ ಗಡ್ಡ, ಏಳಕ್ಕೆ ಸ್ನಾನ, ಎಂಟಕ್ಕೆ ರೊಟ್ಟಿ. ನಾನು ನಿವೃತ್ತನಾಗಿ ಹತ್ತು ವರ್ಷವಾಯಿತು, ಈ ಪಟ್ಟಿ ಮಾತ್ರ ಇನ್ನೂ ಸೇವೆಯಲ್ಲಿದೆ. ಅಂಥ ಮುಖದ ಮೇಲೆ ನಾಲ್ಕು ದಿನದ ಗಡ್ಡ ಎಂದರೆ ಊರಿಗೆ ಡಂಗುರ ಸಾರಿದ ಹಾಗೆ. ಆ ಬುದ್ಧಿ ಆಗ ನನಗೆ ಹೊಳೆಯಲಿಲ್ಲ.

ಕೇಳಲು ಬಂದವನು ನನ್ನದೇ ಹಳೆಯ ವಿದ್ಯಾರ್ಥಿ. ಪ್ರಾರ್ಥನೆಗೆ ದಿನಾಲೂ ತಡವಾಗಿ ಬಂದು, ನಾನು ಊದಿದ ಸೀಟಿಗೆ ದಿನಾಲೂ ಮೈದಾನ ಸುತ್ತಿದವನು. ಶಾಲೆ ಬಿಟ್ಟ ಮೇಲೆ ಗಂಗಾವತಿಯಲ್ಲಿ ಮೈಕ್ ಸೆಟ್ಟಿನ ಅಂಗಡಿ ಸೇರಿದ. ಅಲ್ಲಿಂದ ಮದುವೆ ವಿಡಿಯೊಕ್ಕೆ ಹಾರಿದ. ಆಮೇಲೆ ಡ್ರೋನ್ ತಂದು ಭತ್ತದ ಗದ್ದೆಗಳ ಮೇಲೆ ಮದುಮಕ್ಕಳನ್ನು ಓಡಿಸಿದ. ಈಗ ನಿರ್ದೇಶಕನಾಗಿದ್ದಾನೆ.

"ಸರ, ಒಂದು ಸಿನಿಮಾ ಮಾಡಾಕತ್ತೀನ್ರಿ. ಸಣ್ಣದು, ಅರ್ಧ ತಾಸಿಂದು. ಅದರಾಗ ನಿಮಗೊಂದು ಪಾತ್ರ ಐತ್ರಿ."

"ಎಂಥಾ ಪಾತ್ರ?"

"ಮನಿ ಯಜಮಾನಂದ್ರಿ. ಕತಿ ಎಲ್ಲಾ ನಿಮ್ಮ ಸುತ್ತಲೇ ತಿರಗತೈತ್ರಿ."

"ಮಾತು ಎಷ್ಟದಾವು?"

ಅವನು ಚಹಾದ ಕಪ್ಪನ್ನು ಕೆಳಗಿಟ್ಟ, ಮತ್ತೆ ಎತ್ತಿದ. "ಮಾತಿಲ್ರಿ ಸರ. ಹೆಣದ ಪಾತ್ರ."

ಅಡುಗೆಮನೆಯಿಂದ ನನ್ನ ಹೆಂಡತಿ "ಯವ್ವಾ!" ಎಂದಳು. ಒಂದು ಪಾತ್ರೆಯೂ ಬಿತ್ತು.

"ಬ್ಯಾಸರ ಮಾಡಿಕೋಬ್ಯಾಡ್ರಿ. ಅಷ್ಟೊತ್ತು ಅಲುಗಾಡದ ಕುಂದ್ರಾವ್ರು ನಿಮ್ಮನ್ನ ಬಿಟ್ರ ಜಿಲ್ಲಾದಾಗ ಮತ್ತೊಬ್ಬರಿಲ್ರಿ. ನೀವು ಸಾವಧಾನ್ ಅಂತ ನಿಂತ್ರ ಭುಜದ ಮ್ಯಾಲ ಗುಬ್ಬಿ ಬಂದು ಕುಂದರ್ತಿತ್ತು. ನಾನ ನೋಡೀನ್ರಿ."

ಇದು ಸುಳ್ಳು. ಆದರೆ ಹೊಗಳಿಕೆಯ ಸುಳ್ಳನ್ನು ಯಾರೂ ಪಂಚನಾಮೆ ಮಾಡುವುದಿಲ್ಲ. ನಾನು ಒಪ್ಪಿದೆ. ಒಂದೇ ಒಂದು ಷರತ್ತು ಹಾಕಿದೆ. ಡ್ರಾಯಿಂಗ್ ಮಾಸ್ತರನಿಗೆ ಗೊತ್ತಾಗಬಾರದು.

ಡ್ರಾಯಿಂಗ್ ಮಾಸ್ತರ ಯಾರೆಂದು ಹೇಳಬೇಕು. ನನ್ನ ಓಣಿಯವನು, ನನ್ನ ವಯಸ್ಸಿನವನು, ಅದೇ ಶಾಲೆಯಲ್ಲಿ ನನ್ನ ಜೊತೆಗೇ ನಿವೃತ್ತನಾದವನು, ದಿನಾ ಮುಂಜಾನೆ ನನ್ನ ಜೊತೆ ನಡೆಯುವವನು. ಅವನಿಗೆ ಬದುಕಿನಲ್ಲಿ ಬೇಕಾದದ್ದು ಒಂದೇ. ಸಿನಿಮಾದ ಪರದೆಯ ಮೇಲೆ ಒಮ್ಮೆ ತನ್ನ ಮುಖ ಬರಬೇಕು. ದೊಡ್ಡ ಪಾತ್ರ ಬೇಡ, ಹೆಸರು ಬೇಡ, ಮುಖ ಬರಬೇಕು.

ಅದಕ್ಕಾಗಿ ಅವನು ಹಿಡಿದ ದಾರಿಗಳಿಗೆ ಲೆಕ್ಕವಿಲ್ಲ. ಹದಿನೆಂಟರಲ್ಲಿ ಕಿನ್ನಾಳದಲ್ಲಿ ಅರ್ಧ ವರ್ಷ ಇದ್ದು ಗೊಂಬೆಗಳಿಗೆ ಬಣ್ಣ ಹಚ್ಚುವುದನ್ನು ಕಲಿತ. ಆ ಕೈಯಿಂದ ಗಂಗಾವತಿಯ ಟಾಕೀಸುಗಳಿಗೆ ಬ್ಯಾನರ್ ಬರೆದ. ಇಪ್ಪತ್ತು ಅಡಿ ಎತ್ತರದ ನಾಯಕರ ಮುಖಗಳು, ಒಂದೊಂದು ಕಣ್ಣೂ ರೊಟ್ಟಿಯ ಹಂಚಿನಷ್ಟು. ಕುಷ್ಟಗಿಯಲ್ಲಿ ಮೊಕ್ಕಾಂ ಹೂಡಿದ್ದ ನಾಟಕ ಕಂಪನಿಗೆ ಪರದೆ ಬರೆಯಲು ಹೋದವನು, ಖಳನಾಯಕನಿಗೆ ಜ್ವರ ಬಂದ ದಿನ ಮೀಸೆ ಅಂಟಿಸಿಕೊಂಡು ರಂಗಕ್ಕೆ ಬಂದ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯೇ ಅವನನ್ನು ಕೆಡಿಸಿತು. ಮದರಾಸಿನ ರೈಲು ಹತ್ತಿದ.

ಅಲ್ಲಿ ಎರಡು ವರ್ಷವಿದ್ದ. ಒಂದು ಸಿನಿಮಾದಲ್ಲಿ ಕಾಣಿಸಿಕೊಂಡ. ನಾಯಕ ಪ್ರೇಮಪತ್ರ ಬರೆಯುವ ದೃಶ್ಯ. ನಾಯಕನ ಅಕ್ಷರ ಕೆಟ್ಟದಾಗಿತ್ತು. ಆದ್ದರಿಂದ ಪತ್ರ ಬರೆದದ್ದು ನಮ್ಮವನ ಕೈ. ಆ ಸಿನಿಮಾ ಕೊಪ್ಪಳಕ್ಕೆ ಬಂದಾಗ ಓಣಿಯವರೆಲ್ಲ ಹೋಗಿ ನೋಡಿದೆವು. ಮಣಿಕಟ್ಟಿನವರೆಗೆ ಬಂದಿದ್ದ. ಎರಡನೆಯದು ಆನೆಗೊಂದಿಯ ಬಂಡೆಗಳ ನಡುವೆ ನಡೆದ ಐತಿಹಾಸಿಕ ಚಿತ್ರ. ಸೈನಿಕನ ಪಾತ್ರ, ಮುಖದ ಮುಂದೆ ಗುರಾಣಿ. ಮೂರನೆಯದು ಧಾರಾವಾಹಿ. ಚಹಾದಂಗಡಿಯಲ್ಲಿ ಕೂತ ಗಿರಾಕಿ, ಮುಖದ ಮುಂದೆ ಪೇಪರು. ಪೇಪರು ಇಳಿಸುವ ಹೊತ್ತಿಗೆ ಕ್ಯಾಮೆರಾ ನಾಯಕಿಯ ಹಿಂದೆ ಹೋಗಿತ್ತು.

ಇಂಥವನಿಗೆ, ಅಭಿನಯದ ಗಂಧವಿಲ್ಲದ ನಾನು ಅರ್ಧ ತಾಸಿನ ಸಿನಿಮಾದ ಯಜಮಾನನಾಗಿದ್ದೇನೆ ಎಂದು ಹೇಗೆ ಹೇಳುವುದು? ನೊಂದುಕೊಳ್ಳುತ್ತಾನೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಬಂದು ನನಗೆ ಅಭಿನಯ ಕಲಿಸುತ್ತಾನೆ ಎಂಬ ಹೆದರಿಕೆಯೂ ಇತ್ತು.

ಗಡ್ಡದ ಎರಡನೆಯ ದಿನ ಹುಲಿಕೆರೆಯ ದಂಡೆಯಲ್ಲಿ ಅವನು ನಿಂತುಬಿಟ್ಟ.

"ಅಲ್ಲೋ, ಮಾರಿ ಯಾಕ ಹಿಂಗ ಮುಳ್ಳುಹಂದಿ ಆಗೈತಿ?"

"ಚರ್ಮಕ್ಕ ಏನೋ ಆಗೈತಿ. ಬ್ಲೇಡ್ ಮುಟ್ಟಿಸಬ್ಯಾಡ ಅಂದಾರ ಡಾಕ್ಟರು."

"ಯಾವ ಡಾಕ್ಟರು?"

"ಗಂಗಾವತಿಯವ್ರು."

"ಯಾಕ, ಕೊಪ್ಪಳದಾಗ ಚರ್ಮದ ಡಾಕ್ಟರು ಊರು ಬಿಟ್ಟು ಹೋಗ್ಯಾರೇನು?"

"ಶುಕ್ರವಾರ ಮತ್ತ ತೋರಿಸಾಕ ಹೋಗಬೇಕು. ಅವತ್ತು ವಾಕಿಂಗಿಗೆ ಬರಾಂಗಿಲ್ಲ."

"ಹೋಗಿ ಬಾ, ಹೋಗಿ ಬಾ," ಎಂದ. ಹೆಚ್ಚು ಕೇಳಲಿಲ್ಲ. ಹೆಚ್ಚು ಕೇಳದಿದ್ದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು. ಅವನು ಮಾತು ಕಡಿಮೆ ಮಾಡಿದರೆ ಒಳಗೆ ಏನೋ ಬರೆಯುತ್ತಿದ್ದಾನೆ ಎಂದೇ ಅರ್ಥ.

ಶುಕ್ರವಾರ ಗಂಗಾವತಿಯ ಬಸ್ಸು ಹತ್ತುವ ಬದಲು ಯಲಬುರ್ಗಾದ ಬಸ್ಸು ಹತ್ತಿದೆ. ಅಲ್ಲಿಂದ ಒಂದು ಟಂಟಂ ಆಟೊದಲ್ಲಿ ಆರು ಮೈಲು ಎರೆಭೂಮಿಯ ನಡುವಿನ ಹಳ್ಳಿಗೆ. ಎಂಟು ಗಂಟೆಗೆ ಶೂಟಿಂಗ್ ಎಂದಿದ್ದರು. ಏಳೂ ಐವತ್ತೈದಕ್ಕೆ ಶೂಟಿಂಗಿನ ಮನೆಯ ಅಂಗಳದಲ್ಲಿ ನಾನಿದ್ದೆ. ನನ್ನನ್ನು ಬಿಟ್ಟರೆ ಒಂದು ಕೋಳಿ ಇತ್ತು. ನಿರ್ದೇಶಕ ಬಂದದ್ದು ಒಂಬತ್ತೂಮುಕ್ಕಾಲಿಗೆ. ನನ್ನ ಮುಖ ನೋಡಿದವನೇ ಅಂಗಳದ ಬೇವಿನ ಮರವನ್ನು ಒಂದು ಸುತ್ತು ಓಡಿ ಬಂದು ನಿಂತ. ಕ್ಯಾಮೆರಾದ ಹುಡುಗರಿಗೆ ಇದು ಯಾವ ಪೂಜೆ ಎಂದು ತಿಳಿಯಲಿಲ್ಲ.

ನಮ್ಮ ಕಡೆ ಅನೇಕರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಮುಂದೆ ಭಜನೆಗೆ ಕೂರುತ್ತಾರೆ. ಸತ್ತವನು ಕೊನೆಯ ಬಾರಿ ತನ್ನ ಮನೆಗೆ ಬಂದವರನ್ನು ಎದುರುಗೊಂಡ ಹಾಗೆ. ನನ್ನನ್ನೂ ಕಟ್ಟೆಯ ಮೇಲೆ ಹಾಗೆ ಕೂರಿಸಿದರು. ಭಜನೆಗೆ ಅದೇ ಹಳ್ಳಿಯ ನಿಜವಾದ ಮೇಳವನ್ನು ಕರೆದಿದ್ದರು. ತಾಳ ಹಿಡಿದ ಮುದುಕ ನನ್ನನ್ನು ಹಿಂದೆ ಮುಂದೆ ನೋಡಿ ತಲೆಯಾಡಿಸಿದ.

"ಈ ಹೆಣ ನಡಿಯಂಗಿಲ್ರಿ."

"ಯಾಕ್ರಿ ಅಜ್ಜಾ?" ಎಂದ ನಿರ್ದೇಶಕ.

"ಇಷ್ಟು ನೆಟ್ಟಗ ಯಾವ ಹೆಣ ಕುಂದರ್ತೈತ್ರಿ? ನಲವತ್ತು ವರ್ಷದಿಂದ ಹೆಣದ ಮುಂದ ಕುಂತು ಹಾಡೀನಿ ನಾ. ಸ್ವಲ್ಪ ವಾಲಬೇಕು. ಕುತಿಗಿ ಜೋಲಬೇಕು. ಇವ್ರು ಧ್ವಜಾ ಹಾರಸಾಕ ಕುಂತಂಗ ಅದಾರ."

ವಾಲಲು ಪ್ರಯತ್ನಿಸಿದೆ. ಇಡೀ ಬದುಕು ಮಕ್ಕಳಿಗೆ ಬೆನ್ನು ನೆಟ್ಟಗೆ ಎಂದು ಕೂಗಿದವನ ಬೆನ್ನು ವಾಲುವುದು ಸುಲಭವಲ್ಲ. ಎಡಕ್ಕೆ ಬಾಗಿದರೆ ವ್ಯಾಯಾಮದಂತೆ ಕಂಡಿತು. ಕೊನೆಗೆ ಒಂದು ಟವೆಲ್ಲು ತಂದು ಬೆನ್ನ ಹಿಂದೆ ಒಂದೇ ಬದಿಗೆ ಸಿಕ್ಕಿಸಿದರು. ಅಜ್ಜ ದೂರದಿಂದ ನೋಡಿ, "ಈಗ ಅಡ್ಡಿಯಿಲ್ಲ, ಸತ್ತಂಗ ಅನಸ್ತೈತಿ," ಎಂದು ಒಪ್ಪಿಗೆ ಕೊಟ್ಟ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಹೆಣದ ಮುಂದೆ ಹಾಡಿಕೊಂಡು ಅಳುವ ಹೆಂಗಸಿನ ಪಾತ್ರವಿತ್ತು. ಸತ್ತವರ ಗುಣಗಳನ್ನು ಒಂದೊಂದಾಗಿ ಎತ್ತಿ ಹೇಳಿ, ರಾಗ ಎಳೆದು ಅಳುವುದು ನಮ್ಮ ಕಡೆಯ ರೂಢಿ. ಸಿನಿಮಾದ ಜೀವವೇ ಆ ದೃಶ್ಯ. ಅದಕ್ಕೆ ಗೊತ್ತು ಮಾಡಿದ್ದವಳು ಹಳೆಯ ನಾಟಕ ಕಂಪನಿಯ ನಾಯಕಿ. ಕಂಪನಿ ಮುಚ್ಚಿದ ಮೇಲೆ ಕುಷ್ಟಗಿಯ ಬಸ್ ನಿಲ್ದಾಣದ ಬಳಿ ಇಪ್ಪತ್ತು ವರ್ಷ ಖಾನಾವಳಿ ನಡೆಸಿದ್ದಳು. ಹನ್ನೊಂದು ಗಂಟೆಗೆ ಅವಳ ಫೋನ್ ಬಂತು. ಧಾರಾವಾಹಿಯೊಂದರಲ್ಲಿ ಅತ್ತೆಯ ಪಾತ್ರ ಸಿಕ್ಕು, ಹಿಂದಿನ ದಿನವೇ ಬೆಂಗಳೂರಿಗೆ ಹೋಗಿದ್ದಳು. ಅರವತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ಬಣ್ಣ ಹಚ್ಚುವ ಯೋಗ ಬಂದರೆ ಯಾರು ಬಿಡುತ್ತಾರೆ? ನಿರ್ದೇಶಕ ಫೋನ್ ಇಟ್ಟು ಬೇವಿನ ಮರದ ಹಿಂದೆ ಹೋಗಿ ಇನ್ನೊಂದು ಫೋನ್ ಮಾಡಿದ. ಯಾರಿಗೆಂದು ನಾನು ಕೇಳಲಿಲ್ಲ. ಹೆಣ ಪ್ರಶ್ನೆ ಕೇಳಬಾರದು.

ಅರ್ಧ ತಾಸಾಯಿತು. "ಸರ, ಬರೇ ಭಜನಿ ಒಂದಿಷ್ಟು ತಗೋತೀನ್ರಿ. ಕಣ್ಣು ಮುಚ್ಚಿರಿ. ನಾ ಕಟ್ ಅನ್ನೂಮಟ ಏನಾದ್ರೂ ಅಲುಗಾಡಬ್ಯಾಡ್ರಿ. ಏನಾದ್ರೂ ಸರ," ಎಂದು ಎರಡು ಸಲ ಹೇಳಿದ. ಕಣ್ಣು ಮುಚ್ಚಿದೆ. ತಾಳ, ತಬಲಾ ಶುರುವಾದವು.

ಆಗ ಬಾಗಿಲ ಕಡೆಯಿಂದ ಒಂದು ಕೂಗು ಬಂತು.

"ಹೋದ್ಯಾ ದೋಸ್ತಾ! ನನ್ನ ಬಿಟ್ಟು ಹೋದ್ಯಾ!"

ಐವತ್ತು ವರ್ಷದಿಂದ ಕೇಳಿದ ದನಿ, ಡ್ರಾಯಿಂಗ್ ಮಾಸ್ತರನದು. ನನ್ನ ಎದೆ ನಿಜವಾಗಿಯೂ ನಿಂತಿತು. ದಾರಿಯಲ್ಲಿ ಹೋಗುವ ಯಾರೋ ನನ್ನನ್ನು ಈ ಸ್ಥಿತಿಯಲ್ಲಿ ನೋಡಿ ಅವನಿಗೆ ಸುದ್ದಿ ಮುಟ್ಟಿಸಿದ್ದಾರೆ, ಅವನು ನಂಬಿ ಓಡಿ ಬಂದಿದ್ದಾನೆ ಎಂದುಕೊಂಡೆ. ಚರ್ಮದ ಡಾಕ್ಟರ ಸುಳ್ಳು ಎಲ್ಲಿಗೆ ತಂದಿತು! ಎದ್ದು ಅವನ ಕೈ ಹಿಡಿಯಬೇಕು ಎನ್ನುವಷ್ಟರಲ್ಲಿ ಅವನೇ ಬಂದು ನನ್ನ ಭುಜದ ಮೇಲೆ ಬಿದ್ದ. ಕೂಡಲೇ ಪೌಡರಿನ ವಾಸನೆ ಬಂತು. ದಟ್ಟ ಪೌಡರು, ನಾಟಕದವರು ಬಳಿಯುವಂಥದು. ಕಿವಿಯ ಹತ್ತಿರ ಸಣ್ಣ ದನಿ ಕೇಳಿಸಿತು.

"ಅಲುಗಾಡಿದಿ ಅಂದ್ರ ಖರೇನ ಸಾಯಿಸ್ತೀನಿ. ಕ್ಯಾಮೆರಾ ಎಡಕೈತೋ ಬಲಕೈತೋ?"

ನಾನು ಹೆಣ. ಹೇಗೆ ಹೇಳಲಿ? ಎಡಗೈಯ ಕಿರುಬೆರಳನ್ನು ಹಾರದ ಕೆಳಗೆ ಒಂದು ಗುಲಗಂಜಿಯಷ್ಟು ಎತ್ತಿದೆ. ಅವನ ತಲೆ ಎಡಕ್ಕೆ ತಿರುಗಿತು, ಅಳು ಎರಡು ಪಟ್ಟಾಯಿತು.

"ಗಡಿಯಾರ ನೋಡಿಕೋತ ಬದುಕಿದೆಲ್ಲೋ! ಹೋಗೂ ಮುಂದ ನನಗೊಂದು ಟೈಮ್ ಹೇಳಲಿಲ್ಲಲ್ಲೋ! ಸಾಲಿ ಹುಡುಗರ್ನ ಬಿಸಿಲಾಗ ಓಡಿಸಿ ನೀ ನೆಳ್ಳಾಗ ನಿಂತು ಸೀಟಿ ಊದಿದೆಲ್ಲೋ! ಇನ್ನ ಯಮನ ಅಂಗಳದಾಗ ಯಾರಿಗೆ ಊದ್ತಿಯೋ!"

ಭಜನೆಯವರ ತಾಳ ತಪ್ಪಿತು. ಯಾರೋ ಕಿಸಕ್ಕೆಂದರು.

"ಹೈಜಂಪ್ ಕಲಿಸಿದಿ! ನೀ ಹಾರಿದ್ದು ಒಂದಿನಾನೂ ಯಾರೂ ನೋಡಲಿಲ್ಲಲ್ಲೋ! ಮಿರ್ಚಿ ಎಣ್ಣಿ ಪದಾರ್ಥ, ತಿನಬ್ಯಾಡ ಅಂತ ನನ್ನ ಕೈಯಾಗಿಂದ ಕಸಗೊಂಡಿ! ನಾ ಆ ಕಡೆ ಹೋದ ಮ್ಯಾಲ ಎರಡು ಪ್ಲೇಟ್ ಒಗ್ಗಣ್ಣಿ-ಮಿರ್ಚಿ ತಿಂದಿ! ಹೋಟೆಲಿನವ ಎಲ್ಲಾ ಹೇಳ್ಯಾನೋ ನನಗ!"

ಇಡೀ ಹಳ್ಳಿ ಕೇಳುತ್ತಿತ್ತು. ಕ್ಯಾಮೆರಾ ಕೇಳುತ್ತಿತ್ತು. ಮುಂದೆ ನನ್ನ ಹೆಂಡತಿಯೂ ಕೇಳುವವಳಿದ್ದಳು. ನನಗೆ ಮಾಡಬೇಕಾಗಿದ್ದುದು ಇಷ್ಟೇ. ಒಂದು ಕಣ್ಣು ತೆರೆದರೆ ಸಾಕು. ದೃಶ್ಯ ಹಾಳು, ಅವನ ಬಾಯಿ ಬಂದ್. ಆ ಕ್ಷಣ ನನ್ನ ಬಲಗಣ್ಣಿನ ರೆಪ್ಪೆ ತೆರೆಯಲು ಸಿದ್ಧವಾಗಿಯೂ ಇತ್ತು. ಆದರೆ ಮಣಿಕಟ್ಟಿನವರೆಗೆ ಬಂದು ನಿಂತ ಆ ಕೈ, ಆ ಗುರಾಣಿ, ಆ ಪೇಪರು ನೆನಪಾದವು. ಇವತ್ತು ಅವನ ಮುಖದ ಮುಂದೆ ಏನೂ ಇರಲಿಲ್ಲ. ಅಡ್ಡ ಬರಬಹುದಾದವನು ನಾನೊಬ್ಬನೇ. ಮನಸ್ಸಿನಲ್ಲೇ "ಸಾವಧಾನ್" ಎಂದುಕೊಂಡೆ.

ಅವನು ನನ್ನ ಮುಂದೆ ಕುಸಿದು ಕೂತ. ದನಿ ಇಳಿಯಿತು.

"ಮದರಾಸಿನಿಂದ ತಿರುಗಿ ಬಂದಾಗ ಊರೆಲ್ಲ ನಕ್ಕಿತ್ತೋ ದೋಸ್ತಾ. ಕೈ ಹೀರೋ ಬಂದ, ಕೈ ಹೀರೋ ಬಂದ ಅಂದ್ರು. ಎಂಟು ದಿನ ಬಾಗಲಾ ತಗದಿರಲಿಲ್ಲ ನಾ. ನೀ ಮುಂಜಾನೆ ಐದಕ್ಕ ಬಂದು ಬಾಗಲಾ ಬಡದಿ. ಏನಾತು, ಯಾಕ ಬಂದಿ ಅಂತ ಒಂದು ಮಾತು ಕೇಳಲಿಲ್ಲ. ನಡಿ, ವಾಕಿಂಗಿಗೆ ಟೈಮ್ ಆತು ಅಂದಿ. ಇನ್ನ ನಾಳೆ ಐದಕ್ಕ ಯಾರೋ ಬಡಿಯಾವ್ರು?"

ಇದು ಬರೆದುಕೊಂಡು ಬಂದ ಮಾತಲ್ಲ. ಅದು ನನಗೂ ಗೊತ್ತಾಯಿತು, ಅವನಿಗೂ ಗೊತ್ತಾಯಿತು ಎಂದು ಕಾಣುತ್ತದೆ. ತಾಳ ಪೂರ್ತಿ ನಿಂತಿತ್ತು. ನನ್ನ ಮುಚ್ಚಿದ ಕಣ್ಣಿನ ಅಂಚಿನಲ್ಲಿ ಬಿಸಿ ಹನಿಯೊಂದು ಕೂಡತೊಡಗಿತು. ಮೂವತ್ತನಾಲ್ಕು ವರ್ಷದ ಶಿಸ್ತು ಕೈಕಾಲುಗಳಿಗೆ ಮಾತ್ರ, ಕಣ್ಣೀರಿಗೆ ಅಲ್ಲ. ಹನಿ ಕೆನ್ನೆಗೆ ಇಳಿದರೆ ಮುಗಿಯಿತು. ಅಳುವ ಹೆಣವನ್ನು ಯಾವ ಸಿನಿಮಾ ತಾಳಿಕೊಳ್ಳುತ್ತದೆ?

ಅವನು ಅದನ್ನು ಕಂಡ. ಗೋಳಾಡುತ್ತಲೇ ಮುಂದೆ ಬಾಗಿ, ಗೆಳೆಯನ ಮುಖ ನೇವರಿಸುವಂತೆ ಪಂಚೆಯ ಅಂಚಿನಿಂದ ನನ್ನ ಕಣ್ಣು ಒರೆಸಿ, ಕಿವಿಯಲ್ಲಿ ಹೇಳಿದ: "ಅಳಬ್ಯಾಡಲೇ. ಹೆಣ ನೀ."

ಕಟ್ ಎಂದಾಗ ಅಂಗಳದ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಒಬ್ಬ ಮುದುಕಿ ಪಕ್ಕದವಳಿಗೆ ಹೇಳಿದಳು: "ಸತ್ತಾವ ಅಷ್ಟು ಛಲೋ ಮನಷ್ಯಾ ಏನಲ್ಲ ಬಿಡವ್ವಾ. ಆದ್ರ ದೋಸ್ತ ಭಾಳ ಛಲೋ ಅದಾನ."

ನಾನು ಹಾರ ತೆಗೆದೆಸೆದು ಎದ್ದೆ. ಸತ್ತವನು ಎದ್ದದ್ದನ್ನು ಕಂಡು ಎರಡು ಮಕ್ಕಳು ಓಡಿದವು.

"ನಿನಗ ಹೆಂಗ ಗೊತ್ತಾತು?"

"ಗಡ್ಡ," ಎಂದ ಡ್ರಾಯಿಂಗ್ ಮಾಸ್ತರ, ಕನ್ನಡಿಯಿಲ್ಲದೆ ಕೆನ್ನೆಯ ಪೌಡರು ಸರಿಮಾಡಿಕೊಳ್ಳುತ್ತ. "ನಿಮ್ಮಪ್ಪ ತೀರಿಕೊಂಡಾಗೂ ಹನ್ನೊಂದು ದಿನಾ ತಡಕೊಳ್ಳಾಕ ಒದ್ದಾಡಿದವ ನೀ. ನಾಕ ದಿನಾ ಸುಮ್ಮನ ಬಿಡ್ತಿಯೇನು? ಸಿನಿಮಾದವರು ಬಿಟ್ರ ಗಂಡಸರಿಗೆ ಗಡ್ಡ ಬಿಡು ಅನ್ನಾವ್ರು ಯಾರದಾರ? ಊರಾಗ ಸಿನಿಮಾ ಮಾಡಾವ ಒಬ್ಬನ. ಅವನಿಗೆ ಫೋನ್ ಹಚ್ಚಿದೆ. ನಿನ್ನಷ್ಟ ಅಲ್ಲ, ನನ್ನ ಕೈಯಾಗೂ ಕಲತಾನ ಅವ."

ನಿರ್ದೇಶಕ ಬೇವಿನ ಮರದ ಹತ್ತಿರ ಹೋಗಿ ನಿಂತಿದ್ದ, ಬೇಕಾದರೆ ಇನ್ನೊಂದು ಸುತ್ತು ಓಡಲು ಸಿದ್ಧವಾಗಿ. "ಅವ್ರಿಗೆ ಪಾತ್ರ ಇಲ್ರಿ ಸರ ಅಂತ ಖರೇನ ಹೇಳಿದ್ನಿರಿ. ಅಳಾಕಿ ಬರಲಿಲ್ಲಂದ್ರ ನನ್ನ ಕರಿ ಅಂದ್ರು. ಮುಂಜಾನೆ ಏಳರಿಂದ ಯಲಬುರ್ಗಾ ಬಸ್‌ಸ್ಟ್ಯಾಂಡಿನಾಗ ಕುಂತಿದ್ರು."

"ಏಳರಿಂದ?"

"ಪೌಡರ್ ಹಚ್ಚಿಕೊಂಡ್ರಿ."

ನಾನು ಬಸ್ಸಿಳಿದಾಗ ಎಡಗಡೆಯ ಬೆಂಚಿನಲ್ಲಿ ಯಾರೋ ಪೇಪರು ಮುಖಕ್ಕೆ ಹಿಡಿದು ಕೂತಿದ್ದುದು ಆಗ ನೆನಪಾಯಿತು. ಅಳುವ ಪಾತ್ರದವಳು ಬರುತ್ತಾಳೋ ಇಲ್ಲವೋ ಎಂಬುದು ಅವನಿಗೂ ಗೊತ್ತಿರಲಿಲ್ಲ. ಬಂದಿದ್ದರೆ ಮುಖ ತೊಳೆದುಕೊಂಡು ಮುಂದಿನ ಬಸ್ಸಿಗೆ ಊರಿಗೆ ಹೋಗುತ್ತಿದ್ದನಂತೆ. ನನಗೆ ಹೇಳುತ್ತಲೂ ಇರಲಿಲ್ಲವಂತೆ.

ಸಂಜೆ ಇಬ್ಬರೂ ಒಂದೇ ಬಸ್ಸಿಗೆ ಬಂದೆವು. ನನ್ನ ಹೆಂಡತಿ ಹೊಸ್ತಿಲಲ್ಲೇ ತಡೆದಳು. ಸತ್ತವರ ಮಣ್ಣಿಗೆ ಹೋಗಿ ಬಂದವರು ಸ್ನಾನ ಮಾಡದೆ ಒಳಗೆ ಬರಬಾರದು ಎಂಬುದು ಮನೆಯ ನಿಯಮ.

"ಅಲ್ಲ, ನನ್ನ ಮಣ್ಣು ಅದು. ಸುಳ್ಳ ಮಣ್ಣು," ಎಂದೆ.

"ಯಾರದಾದ್ರ ಏನ್ರಿ? ಹಾರ ಹಾಕಿದ್ರಿಲ್ಲೋ? ಭಜನಿ ಆತಿಲ್ಲೋ? ಹಿತ್ತಲದಾಗ ನೀರು ಇಟ್ಟೀನಿ, ಇಬ್ರೂ ಹೋಗ್ರಿ."

ಹೀಗೆ ನನ್ನ ಅಂತ್ಯಕ್ರಿಯೆಯಿಂದ ತಿರುಗಿ ಬಂದು, ನನ್ನ ಮುಂದೆ ಅತ್ತವನ ಜೊತೆ ಹಿತ್ತಲಲ್ಲಿ ತಣ್ಣೀರು ಸುರಿದುಕೊಂಡೆ. ಸ್ನಾನ ಮುಗಿದದ್ದೇ ಗಡ್ಡ ಬೋಳಿಸಿದೆ. ಹೊತ್ತು ತಪ್ಪಿದ ಗಡ್ಡ. ಸಂಜೆ ಗಡ್ಡ ಬೋಳಿಸಿದ್ದು ಬದುಕಿನಲ್ಲಿ ಅದೊಂದೇ ದಿನ.

ಮೂರು ತಿಂಗಳ ಮೇಲೆ ಕೊಪ್ಪಳದ ಒಂದು ಕಲ್ಯಾಣ ಮಂಟಪದಲ್ಲಿ ಸಿನಿಮಾ ತೋರಿಸಿದರು. ಆರು ಗಂಟೆಗೆ ಎಂದಿದ್ದರು. ನಾನು ಐದೂಮುಕ್ಕಾಲಿಗೆ ಹೋದೆ. ಡ್ರಾಯಿಂಗ್ ಮಾಸ್ತರ ನಾಲ್ಕಕ್ಕೇ ಬಂದು ಮೊದಲ ಸಾಲಿನಲ್ಲಿ ಕೂತಿದ್ದ. ಯಲಬುರ್ಗಾದ ಆ ಬೆಂಚು ಬಿಟ್ಟರೆ, ಅವನು ನನಗಿಂತ ಮೊದಲು ಒಂದು ಕಡೆ ಬಂದದ್ದನ್ನು ನಾನು ಅವತ್ತೇ ಕಂಡದ್ದು. ಎರಡು ತಾಸಿನಲ್ಲಿ ಅವನು ಒಮ್ಮೆಯೂ ಎದ್ದಿರಲಿಲ್ಲವೆಂದು ಕುರ್ಚಿ ಹಾಕುವವರು ಹೇಳಿದರು.

ಆ ದೃಶ್ಯ ಬಂತು. ಪರದೆಯ ತುಂಬ ಅವನ ಮುಖ. ಕೈಯಲ್ಲ, ಗುರಾಣಿಯಲ್ಲ, ಪೇಪರಲ್ಲ. ಒಂದೊಂದು ಕಣ್ಣೂ ರೊಟ್ಟಿಯ ಹಂಚಿನಷ್ಟು. ಮಿರ್ಚಿಯ ಮಾತಿಗೆ ಮಂಟಪ ಬಿದ್ದು ಬಿದ್ದು ನಕ್ಕಿತು, ಬಾಗಿಲು ಬಡಿದ ಮಾತಿಗೆ ಸುಮ್ಮನಾಯಿತು. ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಅವನು ಅಳುತ್ತಿರಲಿಲ್ಲ, ನಗುತ್ತಿರಲಿಲ್ಲ. ಟಾಕೀಸಿನ ಬ್ಯಾನರ್ ಮುಂದೆ ಕುಂಚ ಹಿಡಿದು ಹಿಂದೆ ಸರಿದು ನಿಲ್ಲುತ್ತಿದ್ದ ಹುಡುಗನಂತೆ ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

"ಹೆಂಗೈತಿ?" ಎಂದೆ.

"ಮೂಗಿನ ನೆರಳು ಸ್ವಲ್ಪ ಹೆಚ್ಚಾತು," ಎಂದ.

ನನ್ನ ಹೆಂಡತಿ ಹಿಂದಿನ ಸಾಲಿನಿಂದ ನನ್ನ ಭುಜ ತಟ್ಟಿದಳು. ಮೊದಲು ಮಿರ್ಚಿಯ ಲೆಕ್ಕ ಕೇಳುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಬೇರೆ. "ಅಲ್ರಿ, ನೀವ್ ಎಲ್ಲದೀರಿ?"

ಆಗಲೇ ನಾನು ಪರದೆಯ ಅಂಚನ್ನು ಹುಡುಕಿದ್ದು. ಬಲಮೂಲೆಯಲ್ಲಿ ಒಂದು ಹಾರದ ಎಳೆ, ಅದರ ಮೇಲೆ ಒಂದು ಕಿವಿ. ಕ್ಯಾಮೆರಾ ಅವನ ಮುಖಕ್ಕೆ ಅಂಟಿದ್ದು ಕೊನೆಯವರೆಗೂ ಬಿಟ್ಟಿರಲಿಲ್ಲ. ನಾಲ್ಕು ದಿನದ ಗಡ್ಡ, ಬೆನ್ನ ಹಿಂದಿನ ಟವೆಲ್ಲು, ಕಷ್ಟಪಟ್ಟು ವಾಲಿಸಿದ ಕುತ್ತಿಗೆ, ಎಲ್ಲವೂ ಪರದೆಯ ಹೊರಗೆ.

ಡ್ರಾಯಿಂಗ್ ಮಾಸ್ತರನೂ ನೋಡಿದ. ನನ್ನ ಮೊಣಕಾಲ ಮೇಲೆ ಕೈಯಿಟ್ಟು, ಹಿರಿಯ ಕಲಾವಿದನೊಬ್ಬ ಹೊಸಬನಿಗೆ ಹೇಳುವ ಧಾಟಿಯಲ್ಲಿ ಹೇಳಿದ:

"ಮನಸಿಗೆ ಹಚ್ಚಿಕೋಬ್ಯಾಡ. ಮೊದಲ ಸಿನಿಮಾ ಐತಿ. ನನಗೂ ಮೊದಲ ಸಲ ಬರೇ ಕೈ ಬಂದಿತ್ತು."